ಅಳಿವೆಯ ಕೋಟೆಯ ಉಗ್ರಾಣ: ಮಂಗಳೂರು, 1783–84

ದೆಹಲಿಯಿಂದ ಆಗ್ರಾಕ್ಕೆ ಹೋಗುವ ರಾಜಮಾರ್ಗದ ರಕ್ಷಣೆಗೆಂದು ಜಹಾಂಗೀರನ ಬೊಕ್ಕಸದ ಅಧಿಕಾರಿಯಾಗಿದ್ದ ಶೇಖ್ ಫರೀದನು 1607ರಲ್ಲಿ ನೆಲೆಗೊಳಿಸಿದ ಊರು ನಮ್ಮ ಈ ಫರೀದಾಬಾದು. ಆತನು ಕಟ್ಟಿಸಿದ್ದು ಕೋಟೆಯೊಂದನ್ನೇ ಅಲ್ಲ. ಅದರೊಡನೆ ಕೆರೆಯನ್ನೂ ಮಸೀದಿಯನ್ನೂ ಕಟ್ಟಿಸಿದನೆಂದು ಚರಿತ್ರೆ ಹೇಳುತ್ತದೆ. ಕಾವಲಿಗೆ ನಿಂತ ಆಳಿಗೆ ಕತ್ತಿಗಿಂತ ಮೊದಲು ನೀರು ಬೇಕೆಂಬುದನ್ನು ಲೆಕ್ಕಪತ್ರದಲ್ಲಿ ಪಳಗಿದ ಆ ಅಧಿಕಾರಿ ಚೆನ್ನಾಗಿ ಅರಿತಿದ್ದಿರಬೇಕು. ಇಲ್ಲಿ ನೆಲಸಿದ ಕನ್ನಡಿಗರ ಈ ಸ್ಮರಣ ಸಂಚಿಕೆಗೆ ನಮ್ಮ ನಾಡಿನ ಯಾವುದಾದರೊಂದು ಸಂಸ್ಥೆಯ ಪೂರ್ವಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕರು ಅಪೇಕ್ಷಿಸಿದಾಗ, ವಿದ್ಯಾಶಾಲೆಯನ್ನಾಗಲಿ ಮಠವನ್ನಾಗಲಿ ಆರಿಸದೆ, ಪಡುವಣ ಕಡಲತೀರದ ಕೋಟೆಯೊಂದರೊಳಗೆ ಒಂಬತ್ತು ತಿಂಗಳ ಕಾಲ ಉಸಿರು ಹಿಡಿದುಕೊಂಡಿದ್ದ ಕಾವಲುಪಡೆಯೊಂದನ್ನು ನಾನು ಆರಿಸಿಕೊಂಡೆನು. ಕಾವಲುಪಡೆಯೂ ಒಂದು ಸಂಸ್ಥೆಯೇ. ಅದಕ್ಕೂ ನಿಯಮಾವಳಿ, ಅಧಿಕಾರಶ್ರೇಣಿ, ಆಯವ್ಯಯ, ಒಳಜಗಳಗಳೆಲ್ಲ ಉಂಟು. ಉಗ್ರಾಣ ಬರಿದಾದ ದಿನ ಇವುಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದನ್ನು ನೋಡಬೇಕಾದವರಿಗೆ 1783ರ ಮಂಗಳೂರಿಗಿಂತ ಸ್ಪಷ್ಟವಾದ ನಿದರ್ಶನ ಕರ್ಣಾಟಕದ ಇತಿಹಾಸದಲ್ಲಿ ದೊರೆಯಲಾರದು.

ನೇತ್ರಾವತಿಯೂ ಗುರುಪುರ ಹೊಳೆಯೂ ಒಂದನ್ನೊಂದು ಕೂಡಿ ಕಡಲನ್ನು ಸೇರುವ ಅಳಿವೆಯ ಬಳಿಯಲ್ಲಿ, ಉದ್ದನೆಯ ಮರಳುದಿಣ್ಣೆಯ ಮರೆಯಲ್ಲಿ ನಿಂತ ಈ ಬಂದರು ಅಕ್ಕಿಯ ಬಂದರು. ಕನ್ನಡ ಕರಾವಳಿಯ ಬೈಲುಗದ್ದೆಗಳಲ್ಲಿ ಬೆಳೆದು, ಬೈಹುಲ್ಲಿನ ಮುಡಿಗಳಲ್ಲಿ ಕಟ್ಟಲ್ಪಟ್ಟು, ಮಂಜಿಗಳಲ್ಲೂ ಪತ್ತೇಮಾರಿಗಳಲ್ಲೂ ಏರಿ ಹೋಗುತ್ತಿದ್ದ ಅಕ್ಕಿಯನ್ನು ಗೋವೆಯೂ ಮಲಬಾರವೂ ಉಣ್ಣುತ್ತಿದ್ದವು, ದೂರದ ಮಸ್ಕತ್ತೂ ಉಣ್ಣುತ್ತಿದ್ದಿತು. ಪೋರ್ಚುಗೀಸರು 1568ರಲ್ಲಿ ಇಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆಯನ್ನೆಬ್ಬಿಸಿದ್ದು ಮೆಣಸಿನ ಆಸೆಯಿಂದ ಎಂಬುದು ಎಷ್ಟು ನಿಜವೋ, ಅಕ್ಕಿಯ ಆಸೆಯಿಂದ ಎಂಬುದೂ ಅಷ್ಟೇ ನಿಜ. ಕರಾವಳಿಯ ಅರಸುಮನೆತನಗಳಿಂದ ಅವರು ಕಪ್ಪವನ್ನು ಕೇಳುತ್ತಿದ್ದುದು ಬಹುಮಟ್ಟಿಗೆ ಅಕ್ಕಿಯ ರೂಪದಲ್ಲಿ. ಕೆಳದಿಯ ಶಿವಪ್ಪನಾಯಕನು ಅವರ ಬಲವನ್ನು ಮುರಿದ ಮೇಲೆ ಬಂದರು ಕೆಳದಿಯ ಕೈಗೆ ಬಂದಿತು. 1763ರಲ್ಲಿ ಬಿದನೂರಿನೊಡನೆ ಹೈದರಾಲಿಯ ಕೈಗೆ ಹೋಯಿತು. ಹೈದರನು ಇಲ್ಲಿ ಹಡಗುಗಳನ್ನು ಕಟ್ಟಿಸಲು ಮೊದಲುಮಾಡಿದುದರಿಂದ ಬೊಂಬಾಯಿಯ ಇಂಗ್ಲಿಷರಿಗೆ ಮಂಗಳೂರೆಂದರೆ ಕಣ್ಣಿನ ಕಸವಾಯಿತು. 1768ರಲ್ಲಿ ಅವರು ಒಮ್ಮೆ ಇದನ್ನು ಹಿಡಿದು, ಹೈದರನು ಘಟ್ಟವಿಳಿದು ಬರುತ್ತಿದ್ದಂತೆಯೇ ತಮ್ಮ ರೋಗಿಗಳನ್ನೂ ಗಾಯಾಳುಗಳನ್ನೂ ದಡದಲ್ಲಿ ಬಿಟ್ಟು ಹಡಗನ್ನೇರಿದ್ದರು. ಹದಿನೈದು ವರ್ಷಗಳ ತರುವಾಯ ಅದೇ ಕೋಟೆಯಲ್ಲಿ ಅಷ್ಟೊಂದು ಹಟದಿಂದ ನಿಂತವರ ಮನಸ್ಸಿನಲ್ಲಿ ಆ ಹಳೆಯ ಅಪಕೀರ್ತಿಯ ನೆನಪು ಇದ್ದಿರಬಹುದೆಂದು ನನ್ನ ಊಹೆ.

1782ರ ಡಿಸೆಂಬರಿನಲ್ಲಿ ಹೈದರನು ತೀರಿಕೊಂಡನು. ಟೀಪು ಪೂರ್ವದ ಕಡೆಯಲ್ಲಿ ತಂದೆಯ ಸೇನೆಯನ್ನು ಕೂಡಿಕೊಳ್ಳುವುದರಲ್ಲಿದ್ದಾಗ, ಬೊಂಬಾಯಿ ಸರ್ಕಾರದ ಜನರಲ್ ಮ್ಯಾಥ್ಯೂಸನು ಕರಾವಳಿಯಲ್ಲಿಳಿದು ಹೊನ್ನಾವರವನ್ನು ಹಿಡಿದು, ಹೊಸಂಗಡಿ ಘಟ್ಟವನ್ನು ಹತ್ತಿ, ಅಲ್ಲಿಯ ಮೈಸೂರು ಅಧಿಕಾರಿ ಅಯಾಜನು ಒಪ್ಪಿಸಿಕೊಟ್ಟ ಬಿದನೂರನ್ನು ಬೆವರು ಹರಿಸದೆ ಪಡೆದನು; ಮಾರ್ಚ್ ತಿಂಗಳಲ್ಲಿ ಮಂಗಳೂರಿನ ಕಿಲ್ಲೇದಾರ ರುಸ್ತುಂ ಆಲಿ ಬೇಗನೂ ಕೋಟೆಯನ್ನು ಬಿಟ್ಟುಕೊಟ್ಟನು. ಹೀಗೆ ಸುಲಭವಾಗಿ ಬಂದದ್ದು ಅಷ್ಟೇ ಬೇಗನೆ ಹೋಯಿತು. ಏಪ್ರಿಲ್ ಕೊನೆಯ ವೇಳೆಗೆ ಟೀಪು ಮಹಾಸೈನ್ಯದೊಡನೆ ಬಂದು ಬಿದನೂರನ್ನು ಮರಳಿ ಪಡೆದನು, ಮ್ಯಾಥ್ಯೂಸನು ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ಸತ್ತನು. ಬಿದನೂರಿನ ಬೊಕ್ಕಸ, ಅದರ ಹಂಚಿಕೆ, ಅದಕ್ಕಾಗಿ ಅಧಿಕಾರಿಗಳು ಒಬ್ಬರ ಮೇಲೊಬ್ಬರು ಬೊಂಬಾಯಿಗೆ ಹೊತ್ತ ದೂರುಗಳು, ಇವೆಲ್ಲ ಬೇರೆಯೇ ಒಂದು ಕಥೆ. ಅದನ್ನು ಬರೆಯಲು ಕುಳಿತರೆ ಕರುಣೆಗಿಂತ ನಗೆಯೇ ಮುಂದಾಗುತ್ತದೆ. ನಮಗೆ ಬೇಕಾದುದಿಷ್ಟೆ: ಘಟ್ಟದ ಮೇಲಿನ ವಿಜಯವೆಲ್ಲ ಕರಗಿಹೋದ ಮೇಲೆ ಕೆಳಗೆ, ಕಡಲ ಬದಿಯಲ್ಲಿ, ಮೇಜರ್ ಜಾನ್ ಕ್ಯಾಂಬೆಲನ ವಶದಲ್ಲಿ ಮಂಗಳೂರಿನ ಕಾವಲುಪಡೆಯೊಂದು ಉಳಿದುಕೊಂಡಿತು.

ಆ ಪಡೆಯಲ್ಲಿ ಯುರೋಪಿಯನ್ನರು ಸುಮಾರು 700 ಮಂದಿ. ಸ್ಕಾಟ್ಲೆಂಡಿನ ಬೆಟ್ಟಸೀಮೆಯಿಂದ ಬಂದ 42ನೆಯ ರೆಜಿಮೆಂಟಿನ ಎರಡನೆಯ ಬೆಟಾಲಿಯನ್ನೇ ಅವರಲ್ಲಿ ಮುಖ್ಯವಾದುದು. ಸಿಪಾಯಿಗಳೂ ದಾರಿ ಕಡಿಯುವ, ಕಂದಕ ತೋಡುವ ಆಳುಗಳೂ ಸೇರಿ ಭಾರತೀಯರು ಸುಮಾರು 2,800. ಬೊಂಬಾಯಿ ಸಿಪಾಯಿಗಳ 8ನೆಯ ಬೆಟಾಲಿಯನ್ನು ಇವರ ನಡುವೆ ಇದ್ದಿತು. ಅಧಿಕಾರಿಗಳ ಚಾಕರರು, ಸಿಪಾಯಿಗಳ ಹೆಂಗಸರು ಮಕ್ಕಳು, ಡೋಲಿಯವರು, ನೀರು ಹೊರುವವರು ಎಂಬ ಆ ಇನ್ನೊಂದು ಜನಸ್ತೋಮವನ್ನು ಸೈನ್ಯದ ಪಟ್ಟಿಗಳು ಎಂದಿಗೂ ಸರಿಯಾಗಿ ಎಣಿಸಿದುದಿಲ್ಲ. ಆದರೆ ಉಗ್ರಾಣ ಅವರನ್ನೂ ಎಣಿಸಬೇಕಾಗುತ್ತದೆ. ಆಳಿಗೆ ದಿನಕ್ಕೊಂದು ಸೇರು ಅಕ್ಕಿಯೆಂದು ಹಿಡಿದು, ದಕ್ಷಿಣ ಕನ್ನಡದ ರೂಢಿಯಂತೆ ಮುಡಿಯೊಂದಕ್ಕೆ 42 ಸೇರೆಂದು ಲೆಕ್ಕಿಸಿದರೆ, ಭಾರತೀಯ ಆಳುಗಳಿಗೆ ಮಾತ್ರವೇ ತಿಂಗಳಿಗೆ 2,000 ಮುಡಿ ಬೇಕು. ಇದು ನನ್ನ ಲೆಕ್ಕ, ಕಂಪನಿಯದಲ್ಲ; ಆದರೂ ಕ್ಯಾಂಬೆಲನ ತಲೆನೋವಿನ ಅಳತೆಯನ್ನು ಇದರಿಂದ ತಿಳಿಯಬಹುದು. ಯುರೋಪಿಯನ್ನರಿಗೆ ಉಪ್ಪುಹಾಕಿದ ಮಾಂಸ, ಬಿಸ್ಕತ್ತು ಮತ್ತು ಸಾರಾಯಿ ಬೇಕು. ಇವುಗಳಲ್ಲಿ ಮೊದಲಿನೆರಡು ಬೊಂಬಾಯಿಯಿಂದ ಹಡಗಿನಲ್ಲಿಯೇ ಬರಬೇಕು. ಒಂದೇ ಗೋಡೆಯ ಒಳಗೆ ಎರಡು ಅಡಿಗೆಮನೆಗಳು. ಒಂದರ ಬೇರು ನೆರೆಯ ಗದ್ದೆಯಲ್ಲಿ, ಮತ್ತೊಂದರದು ಕಡಲಿನಾಚೆ. ಮೇ ತಿಂಗಳ ಕೊನೆಯ ಹೊತ್ತಿಗೆ ಟೀಪುವಿನ ಸೈನ್ಯ ಹೊರಗಿನ ಠಾಣೆಗಳನ್ನು ಕಿತ್ತುಕೊಂಡು ಗದ್ದೆಯ ದಾರಿಯನ್ನು ಮುಚ್ಚಿತು. ಅದರ ಬೆನ್ನಿಗೇ ಮುಂಗಾರು ಬಂದು ಕಡಲಿನ ದಾರಿಯನ್ನು ಮುಚ್ಚಿತು.

ಮುತ್ತಿಗೆಯ ಯುದ್ಧಭಾಗವನ್ನು ಇಂಗ್ಲಿಷ್ ಗ್ರಂಥಗಳು ವಿಸ್ತಾರವಾಗಿಯೇ ವರ್ಣಿಸಿವೆ. ಟೀಪುವಿನ ಸೈನ್ಯದ ಸಂಖ್ಯೆಯನ್ನು ಅವು ಒಂದು ಲಕ್ಷದ ಹತ್ತಿರಕ್ಕೆ ಕೊಂಡೊಯ್ಯುತ್ತವೆ. ಗೋಡೆಯ ಒಳಗಿನಿಂದ ಹೊರಗಿನವರನ್ನು ಎಣಿಸುವಾಗ ಭೀತಿಯೂ ಒಂದಷ್ಟು ತಲೆಗಳನ್ನು ಸೇರಿಸುವುದುಂಟು. ಕೊಸಿಞಿ ಎಂಬ ಫ್ರೆಂಚ್ ಅಧಿಕಾರಿಯ ಕೈಕೆಳಗೆ ಫ್ರೆಂಚರ ತುಕಡಿಯೊಂದು ಟೀಪುವಿನ ಜತೆಗಿದ್ದು ಕಂದಕಗಳನ್ನು ಮುಂದೊತ್ತುತ್ತಿದ್ದಿತು. ಗುಂಡುಗಳ ಜತೆಗೆ ದೊಡ್ಡ ಕಲ್ಲುಗಳನ್ನೂ ಮಾರ್ಟರುಗಳಿಂದ ಕೋಟೆಯೊಳಗೆ ಎಸೆಯಲಾಗುತ್ತಿದ್ದಿತು. ಗೋಡೆ ಬಿರಿಯಿತು, ಏಣಿಯಿಟ್ಟು ಹತ್ತಲು ಬಂದವರು ಮತ್ತೆ ಮತ್ತೆ ಹಿಂದಕ್ಕೆ ತಳ್ಳಲ್ಪಟ್ಟರು. ಮಳೆ ಎರಡು ಪಕ್ಷಕ್ಕೂ ಸಮಾನ ಶತ್ರುವಾಗಿದ್ದಿತು. ಕರಾವಳಿಯ ಆಷಾಢವನ್ನು ಕಂಡವರಿಗೆ ಹೇಳಬೇಕಾದುದಿಲ್ಲ. ಕಾಣದವರಾದ ಹರಿಯಾಣದ ಒಣಗಾಳಿಯ ನಮ್ಮ ನೆರೆಯವರಿಗೆ ಎಷ್ಟು ಹೇಳಿದರೂ ತಿಳಿಯದು. ಬಟ್ಟೆ ಒಣಗದ, ಮದ್ದು ನೆನೆಯುವ, ಕಂದಕದಲ್ಲಿ ಸೊಂಟದವರೆಗೆ ನೀರು ನಿಲ್ಲುವ ಆ ತಿಂಗಳುಗಳಲ್ಲಿ ಗುಡಾರಗಳಲ್ಲಿ ಬಿದ್ದಿದ್ದ ಮೈಸೂರಿನ ಸೈನ್ಯವೂ ರೋಗದಿಂದ ಬಹಳವಾಗಿ ನಷ್ಟಪಟ್ಟಿತು. ಘಟ್ಟದ ಮೇಲಿನ ಒಣಸೀಮೆಯ ಕುದುರೆ ಸವಾರನಿಗೆ ತುಳುನಾಡಿನ ಮಳೆ ಪರದೇಶವೇ ಸರಿ.

ಜುಲೈ ತಿಂಗಳಲ್ಲಿ ಯುರೋಪಿನಿಂದ ಸುದ್ದಿ ಬಂದಿತು: ಇಂಗ್ಲೆಂಡಿಗೂ ಫ್ರಾನ್ಸಿಗೂ ಸಂಧಿಯಾಗಿದೆ. ಅಮೆರಿಕದ ವಸಾಹತುಗಳ ವಿಷಯವಾಗಿ ಹುಟ್ಟಿದ ಯುದ್ಧವೊಂದು ಪ್ಯಾರಿಸಿನ ಕಡೆಯಲ್ಲಿ ಮುಗಿದುದರ ಫಲವಾಗಿ ಗುರುಪುರ ಹೊಳೆಯ ದಡದ ಫ್ರೆಂಚರು ಸನಿಕೆ ಗುದ್ದಲಿಗಳನ್ನು ಕೆಳಗಿಟ್ಟರು. ಟೀಪು ಕೆರಳಿದನು, ಆದರೆ ಅವರಿಲ್ಲದೆ ಮುತ್ತಿಗೆಯನ್ನು ಮೊದಲಿನಂತೆ ನಡೆಸುವುದು ಕಷ್ಟವಾದುದರಿಂದ ಆಗಸ್ಟ್ 2ರಂದು ಯುದ್ಧವಿರಾಮಕ್ಕೆ ಒಡಂಬಟ್ಟನು.

ಕೋಟೆಯನ್ನು ಕಳೆದದ್ದು ಆ ಮೊದಲಿನ ಯುದ್ಧವಲ್ಲ, ಈ ಯುದ್ಧವಿರಾಮವೇ ಎಂದು ನಾನು ತಿಳಿಯುತ್ತೇನೆ. ಅಲ್ಲಿಯವರೆಗೆ ಹಸಿವು ಯುದ್ಧದ ಒಂದು ಅಂಗವಾಗಿದ್ದಿತು. ಇನ್ನು ಮುಂದೆ ಅದೇ ಯುದ್ಧವಾಯಿತು. ಕರಾರಿನ ಪ್ರಕಾರ ಕೋಟೆಯ ಬಳಿ ಟೀಪುವಿನ ಕಡೆಯಿಂದ ಸಂತೆಯೊಂದನ್ನು ಕೂಡಿಸಬೇಕು, ಕಾವಲುಪಡೆಯವರು ಹಣ ಕೊಟ್ಟು ಧಾನ್ಯವನ್ನು ಕೊಳ್ಳಬಹುದು. ಮೊದಮೊದಲು ಸಂತೆ ಕೂಡಿತು. ಕ್ರಮೇಣ ಬೆಲೆ ಏರಿತು, ಸಾಮಗ್ರಿ ಇಳಿಯಿತು, ಇಂದು ಬಂದ ವ್ಯಾಪಾರಿ ನಾಳೆ ಬಾರದಾದನು, ಒಮ್ಮೊಮ್ಮೆ ಸಂತೆಯೇ ನಿಂತುಹೋಯಿತು. ಸಂತೆಯೆಂಬುದು ಗೋಡೆಯ ಹೊರಗಿರುವ ತನಕ ಅದರ ತಕ್ಕಡಿಯೂ ಹೊರಗಿನವನ ಕೈಯಲ್ಲಿಯೇ ಇರುತ್ತದೆ. ಈ ಸರಳವಾದ ವಿಷಯವನ್ನು ಕರಾರಿಗೆ ರುಜು ಹಾಕಿದವರು ಯೋಚಿಸದೆ ಇದ್ದರೆಂದು ನಂಬುವುದು ಕಷ್ಟ, ಆದರೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಮೈಸೂರಿನಲ್ಲಿ ಕಂಪನಿಯ ರೆಸಿಡೆಂಟನಾಗಿದ್ದು ಮುಂದೆ ದಕ್ಷಿಣದ ಇತಿಹಾಸವನ್ನು ಬರೆದ ಮಾರ್ಕ್ ವಿಲ್ಕ್ಸ್ ಇದನ್ನೆಲ್ಲ ಟೀಪುವಿನ ವಚನಭಂಗವೆಂದು ಕಟುವಾಗಿ ಖಂಡಿಸುತ್ತಾನೆ. ಖಂಡನೆಗೆ ಆಧಾರವಿಲ್ಲವೆಂದಲ್ಲ. ಆದರೆ ತನ್ನ ರಾಜ್ಯದ ಮುಖ್ಯ ಬಂದರಿನಲ್ಲಿ, ತಾನು ಕರೆಯದ ಅತಿಥಿಗಳಾಗಿ ಕುಳಿತವರನ್ನು ತನ್ನ ಪ್ರಜೆಗಳ ಅಕ್ಕಿಯಿಂದ ಸಾಕಬೇಕಾದ ಅರಸನ ಮನಃಸ್ಥಿತಿಯನ್ನೂ ಓದುಗರು ಒಂದು ಗಳಿಗೆ ಭಾವಿಸಿಕೊಳ್ಳಬೇಕು.

ಯುದ್ಧವಿರಾಮ ಬಂದುದು ಆಟಿಯ ತಿಂಗಳಲ್ಲಿ ಎಂಬುದನ್ನೂ ಇಲ್ಲಿ ನೆನೆಯತಕ್ಕದ್ದು. ತುಳುನಾಡಿನ ಒಕ್ಕಲ ಮನೆಗಳಲ್ಲಿ ಆಟಿಯೆಂದರೆ ಕಣಜ ತಳ ಕಾಣುವ ಕಾಲ. ಬೇಸಗೆಯಲ್ಲಿ ಉಪ್ಪುನೀರಿನಲ್ಲಿ ಹಾಕಿಟ್ಟ ಹಲಸಿನ ತೊಳೆ ಮಾವಿನಕಾಯಿಗಳಿಂದಲೂ, ತಜಂಕಿನ ಸೊಪ್ಪಿನಿಂದಲೂ, ಕೆಸುವಿನ ಎಲೆಯಿಂದಲೂ ದಿನ ಕಳೆಯಬೇಕಾದ ಕಾಲ. ಅಂಥ ಹೊತ್ತಿನಲ್ಲಿ ಎರಡು ಸೈನ್ಯಗಳು ಒಂದೇ ಸೀಮೆಯ ಮೇಲೆ ಕುಳಿತು ಉಣ್ಣುತ್ತಿದ್ದವೆಂದ ಮೇಲೆ ಸಂತೆಯ ಬೆಲೆ ಏರಿದುದರಲ್ಲಿ ಎಲ್ಲವೂ ಕುಟಿಲೋಪಾಯವೇ ಆಗಿರಲಾರದು. ಆದರೆ ಏಣೆಲಿನ ಬೆಳೆ ಕೊಯ್ಲಾದ ಮೇಲೂ, ಹೊಸ ಅಕ್ಕಿ ಬರುವ ತಿಂಗಳುಗಳಲ್ಲೂ, ಕೋಟೆಯ ಸಂತೆ ಸುಧಾರಿಸಲಿಲ್ಲ. ಅಲ್ಲಿಂದಾಚೆಗಿನ ಅಭಾವ ಋತುಧರ್ಮದ್ದಲ್ಲ, ಮನುಷ್ಯರದು.

ಈಗ ಬೊಂಬಾಯಿಯ ಪಾತ್ರವನ್ನು ಹೇಳಬೇಕು. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಅಸಹ್ಯವಾಗಿ ಕಂಡ ಭಾಗ ಇದು. ಮಳೆಗಾಲ ಕಳೆದು ಕಡಲು ತೆರೆದ ಮೇಲೆ, ನವೆಂಬರ್ ತಿಂಗಳಲ್ಲಿ, ಬ್ರಿಗೇಡಿಯರ್ ಜನರಲ್ ಮ್ಯಾಕ್ಲಿಯೋಡನು ಹಡಗುಗಳ ಸಮೂಹದೊಡನೆ ಮಂಗಳೂರಿನ ಎದುರಿಗೆ ಬಂದು ಲಂಗರು ಹಾಕಿದನು. ಕೋಟೆಯ ಮೇಲಿನಿಂದ ಆ ಹಾಯಿಗಳನ್ನು ಕಂಡವರು ತಮ್ಮ ಕಷ್ಟ ಮುಗಿಯಿತೆಂದೇ ಭಾವಿಸಿದ್ದಿರಬೇಕು. ಆದರೆ ಸಂಧಿಯ ಮಾತುಕತೆಗಾಗಿ ಮದರಾಸಿನಿಂದ ನಿಯೋಗಿಗಳು ಹೊರಟಿದ್ದುದರಿಂದ, ಯುದ್ಧವಿರಾಮವನ್ನು ಮುರಿದ ಅಪವಾದ ತನ್ನ ಮೇಲೆ ಬಾರದಿರಲೆಂದು ಮ್ಯಾಕ್ಲಿಯೋಡನು ಟೀಪುವಿನೊಡನೆ ಪತ್ರವ್ಯವಹಾರ ನಡೆಸಿ, ಒಂದು ತಿಂಗಳ ಸಾಮಗ್ರಿಯನ್ನು ದಡಕ್ಕಿಳಿಸಲು ಅನುಮತಿ ಪಡೆದು, ಅಷ್ಟನ್ನು ಇಳಿಸಿ, ಹಾಯಿ ಬಿಚ್ಚಿ ಹೊರಟುಹೋದನು. ಇಳಿಸಿದ ಸಾಮಗ್ರಿಯಾದರೂ ಎಂಥದು! ನೌಕಾದಳದ ಸಾಮಗ್ರಿಯ ಏಜೆಂಟನೊಬ್ಬನಿಂದ ಕೊಂಡ, ಕೆಟ್ಟುದೆಂದು ಹಿಂದೆಯೇ ತಳ್ಳಿಹಾಕಿದ್ದ ಉಪ್ಪುಮಾಂಸ ಅದರಲ್ಲಿ ಬಹುಪಾಲು. ಹಸಿದವರೂ ಅದನ್ನು ಬಾಯಿಗಿಡಲಾರದಾದರೆಂದು ಕಂಪನಿಯ ಪಕ್ಷಪಾತಿಯಾದ ವಿಲ್ಕ್ಸನೇ ಬರೆದಿದ್ದಾನೆ. ಶತ್ರುವಿನ ಸಂತೆಯಲ್ಲಿ ಬೆಲೆಯೇರಿದುದಕ್ಕೆ ವಚನಭಂಗವೆಂಬ ಹೆಸರಿದೆ. ಸ್ವಪಕ್ಷದ ಏಜೆಂಟನು ಕೊಳೆತ ಪೀಪಾಯಿಗಳನ್ನು ಒಳ್ಳೆಯ ಬೆಲೆಗೆ ಮಾರಿದುದಕ್ಕೆ ಆ ಕಾಲದ ಲೆಕ್ಕಪುಸ್ತಕಗಳಲ್ಲಿ ವ್ಯಾಪಾರವೆಂದು ಹೆಸರು. ಡಿಸೆಂಬರಿನ ಕೊನೆಯಲ್ಲಿ ಮ್ಯಾಕ್ಲಿಯೋಡನು ಮತ್ತೊಮ್ಮೆ ಬಂದನು, ಮತ್ತೊಮ್ಮೆ ಸ್ವಲ್ಪ ಇಳಿಸಿದನು, ಮತ್ತೊಮ್ಮೆ ಹೋದನು.

ಜನವರಿಯ ವೇಳೆಗೆ ಪಡೆಯ ಮೂರರಲ್ಲಿ ಎರಡು ಪಾಲು ಆಸ್ಪತ್ರೆಯಲ್ಲಿ ಬಿದ್ದಿತು. ವಸಡು ಬಾತು, ಹಲ್ಲು ಸಡಿಲಿ, ಹಳೆಯ ಗಾಯಗಳು ಮತ್ತೆ ಬಾಯಿಬಿಡುವ ಸ್ಕರ್ವಿ ರೋಗ ಅವರನ್ನು ಹಿಡಿದಿದ್ದಿತು. ದಿನವೊಂದಕ್ಕೆ ಹನ್ನೆರಡು ಹದಿನೈದು ಮಂದಿ ಸಾಯುತ್ತಿದ್ದರೆಂದು ಇಂಗ್ಲಿಷ್ ಇತಿಹಾಸಗಳು ಹೇಳುತ್ತವೆ. ಸಿಪಾಯಿಗಳಲ್ಲಿ ಹಲವರು ಬಂದೂಕನ್ನು ಹೆಗಲಿಗೇರಿಸುವ ಪ್ರಯತ್ನದಲ್ಲಿಯೇ ಕುಸಿದು ಬೀಳುತ್ತಿದ್ದರು. ಮತ್ತೆ ಹಲವರಿಗೆ ಕಣ್ಣು ಕಾಣದೆ ಹೋಯಿತು. ಕುದುರೆಗಳನ್ನು ಕೊಂದು ತಿಂದಾಗಿದ್ದಿತು. ಕಪ್ಪೆ ಹಾವುಗಳನ್ನೂ ಬಿಡಲಿಲ್ಲವೆಂದು ಬರೆದಿದ್ದಾರೆ. ಇಂದಿನ ವೈದ್ಯಶಾಸ್ತ್ರಕ್ಕೆ ಇದರಲ್ಲಿ ರಹಸ್ಯವೇನೂ ಇಲ್ಲ: ಹಸಿಯ ಹಣ್ಣು ತರಕಾರಿಗಳಿಂದ ದೊರೆಯುವ ಸಿ ಜೀವಸತ್ತ್ವವಿಲ್ಲದೆ ಸ್ಕರ್ವಿ ಬಂದಿತು, ಎ ಜೀವಸತ್ತ್ವದ ಕೊರತೆಯಿಂದ ಕಣ್ಣು ಮಂಜಾಗಿದ್ದಿರಬಹುದು. ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯನು ನಿಂಬೆ ಕಿತ್ತಳೆಗಳ ಗುಣವನ್ನು 1753ರಲ್ಲಿಯೇ ಗ್ರಂಥಮೂಲಕ ತಿಳಿಸಿದ್ದನು; ಬ್ರಿಟಿಷ್ ನೌಕಾದಳ ಅದನ್ನು ನಿಯಮವಾಗಿ ಅಂಗೀಕರಿಸಿದುದು 1795ರಲ್ಲಿ. ಕೋಟೆಯ ಗೋಡೆಯಿಂದ ಕೂಗಳತೆಯ ಹಿತ್ತಿಲುಗಳಲ್ಲಿ ನಿಂಬೆಯೂ ನೆಲ್ಲಿಯೂ ಬಸಳೆಯೂ ಬೆಳೆಯುವ ನಾಡು ಅದು. ಮ್ಯಾಕ್ಲಿಯೋಡನ ಹಡಗುಗಳು ಮಾಂಸದ ಪೀಪಾಯಿಗಳ ಬದಲು ನಾಲ್ಕು ಬುಟ್ಟಿ ನಿಂಬೆಯನ್ನು ಹೊತ್ತು ತಂದಿದ್ದರೆ ಎಷ್ಟು ಜನ ಬದುಕುತ್ತಿದ್ದರೆಂದು ಯೋಚಿಸದೆ ಈ ಪುಟಗಳನ್ನು ಓದುವುದು ನನ್ನಿಂದಾಗಲಿಲ್ಲ.

ಇಂಥ ಸ್ಥಿತಿಯಲ್ಲಿ ಪಡೆಯೆಂಬ ಸಂಸ್ಥೆ ಒಡೆದುಹೋಗಲಿಲ್ಲವೆಂಬುದೇ ಗಮನಿಸತಕ್ಕ ವಿಷಯ. ಓಡಿಹೋದವರು ಇದ್ದರು, ಇಲ್ಲವೆಂದಲ್ಲ. ಆದರೆ ಬಹುಸಂಖ್ಯೆಯವರು ನಿಂತರು. 1751ರ ಆರ್ಕಾಟಿನ ಮುತ್ತಿಗೆಯಲ್ಲಿ ಸಿಪಾಯಿಗಳು ಅನ್ನವನ್ನು ಗೋರರಿಗೆ ಕೊಟ್ಟು ಗಂಜಿಯ ತಿಳಿಯನ್ನು ತಾವು ಕುಡಿದರೆಂಬ ಕಥೆಯನ್ನು ಮೆಕಾಲೆ ತನ್ನ ಪ್ರೌಢವಾದ ಗದ್ಯದಿಂದ ಲೋಕಪ್ರಸಿದ್ಧಗೊಳಿಸಿದನು. ಮಂಗಳೂರಿನ ಸಿಪಾಯಿಗಳಿಗೆ ಅಂಥ ಲೇಖಕನು ದೊರೆಯಲಿಲ್ಲ, ಅನ್ನದ ತಿಳಿಗೂ ಅಲ್ಲಿ ಗತಿಯಿರಲಿಲ್ಲ. ಸಂಬಳ, ನಿಷ್ಠೆ, ಹೊರಗೆ ಹೋದರೆ ಸೆರೆಯ ಭಯ, ಜತೆಯವನ ಮುಂದೆ ಹಿಮ್ಮೆಟ್ಟಲಾರದ ಲಜ್ಜೆ, ಇವುಗಳಲ್ಲಿ ಯಾವುದು ಅವರನ್ನು ಹಿಡಿದು ನಿಲ್ಲಿಸಿತೆಂದು ಬೇರ್ಪಡಿಸಿ ಹೇಳುವುದು ಅಸಾಧ್ಯ. ಕ್ಯಾಂಬೆಲನು ಸ್ವತಃ ರೋಗಪೀಡಿತನಾಗಿಯೂ ಗೋಡೆಯನ್ನು ಬಿಡದೆ ನಿಂತುದು ಅವರಿಗೆ ಧೈರ್ಯ ತಂದಿದ್ದಿರಬೇಕು.

ಜನವರಿಯ ಕೊನೆಯ ವಾರದಲ್ಲಿ ಅಧಿಕಾರಿಗಳೆಲ್ಲ ಕೂಡಿ ಆಲೋಚಿಸಿ ಕೋಟೆಯನ್ನು ಬಿಡಲು ನಿರ್ಧರಿಸಿದರು. ಆಯುಧಗಳೊಡನೆ, ಸೈನಿಕ ಮರ್ಯಾದೆಯೊಡನೆ, ತಲಚೇರಿಗೆ ಹೋಗಲು ಟೀಪು ಅವಕಾಶ ಕೊಟ್ಟನು. 1784ರ ಜನವರಿ 30ರಂದು ಅವರು ಹೊರಬಂದು ಹಡಗನ್ನೇರಿದರು. ಮಾತಿಗೆ ತಪ್ಪಿದನೆಂದು ಯಾವಾತನನ್ನು ಅಷ್ಟು ತಿಂಗಳು ದೂರಿದರೋ ಆತನು ಈ ಕೊನೆಯ ಕರಾರನ್ನು ನಡೆಸಿಕೊಟ್ಟನೆಂಬುದನ್ನೂ ಹೇಳುವುದು ನ್ಯಾಯ. ಕ್ಯಾಂಬೆಲನು ಬೊಂಬಾಯಿಯನ್ನು ಮುಟ್ಟಿ ಮಾರ್ಚ್ 23ರಂದು ಸತ್ತನು. ಅದಕ್ಕೆ ಹನ್ನೆರಡು ದಿನಗಳ ಮುಂಚೆ, ಮಾರ್ಚ್ 11ರಂದು, ಮಂಗಳೂರಿನಲ್ಲಿಯೇ ಸಂಧಿಗೆ ರುಜು ಬಿದ್ದಿದ್ದಿತು. ಗೆದ್ದ ಸ್ಥಳಗಳನ್ನು ಎರಡು ಪಕ್ಷದವರೂ ಹಿಂದಕ್ಕೆ ಕೊಡತಕ್ಕದ್ದೆಂದು ಅದರ ಸಾರ. ಆರು ವಾರ ಮೊದಲೇ ರುಜು ಬಿದ್ದಿದ್ದರೆ ಎಂಬ ಮಾತು ಇತಿಹಾಸದಲ್ಲಿ ನಿಷ್ಪ್ರಯೋಜಕ.

ಬೊಂಬಾಯಿ ಸಿಪಾಯಿಗಳ 8ನೆಯ ಬೆಟಾಲಿಯನ್ನಿಗೆ ಈ ಸೇವೆಗಾಗಿ ಗ್ರೆನೇಡಿಯರ್ ಎಂಬ ಪದವಿ ದೊರೆಯಿತು. ಸ್ವತಂತ್ರ ಭಾರತದ ಸೈನ್ಯದ ಗ್ರೆನೇಡಿಯರ್ಸ್ ರೆಜಿಮೆಂಟು ಆ ಪರಂಪರೆಯದು, ಮಂಗಳೂರು ಎಂಬುದು ಅದರ ಯುದ್ಧಗೌರವಗಳಲ್ಲಿ ಒಂದಾಗಿ ಉಳಿದುಬಂದಿದೆ. ಸ್ಕಾಟರ ಬೆಟಾಲಿಯನ್ನು 1786ರಲ್ಲಿ 73ನೆಯ ರೆಜಿಮೆಂಟೆಂದು ಹೆಸರು ಬದಲಿಸಿಕೊಂಡು ಅದೇ ಗೌರವವನ್ನು ತನ್ನ ಧ್ವಜದಲ್ಲಿ ಬರೆಸಿಕೊಂಡಿತು. ಊರಿನವರ ಪಾಲಿಗೆ ಬಂದುದು ಬೇರೆ. ಇಂಗ್ಲಿಷರಿಗೆ ಧನಧಾನ್ಯಗಳನ್ನು ಒದಗಿಸಿದರೆಂಬ ಆರೋಪದ ಮೇಲೆ ಕನ್ನಡ ಜಿಲ್ಲೆಯ ಕ್ಯಾಥೊಲಿಕ್ ಕ್ರೈಸ್ತರನ್ನು 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ದಿನ, ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಗಲಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಸಾವಿರಾರು ಮಂದಿ ಅಳಿದರು, ಉಳಿದವರು ಹಿಂದಿರುಗಿದುದು 1799ರ ಮೇಲೆ. ಪರರ ಕೋಟೆಗೆ ಅಕ್ಕಿ ಕೊಟ್ಟವನು, ಕೊಟ್ಟನೆಂದು ಸಂಶಯಕ್ಕೊಳಗಾದವನು, ಇಬ್ಬರೂ ತೆತ್ತ ಬೆಲೆ ಯಾವ ರೆಜಿಮೆಂಟಿನ ಗೌರವಪಟ್ಟಿಯಲ್ಲಿಯೂ ಸೇರಿಲ್ಲ.

ಟೀಪು ಕೋಟೆಯನ್ನು ಪಡೆದ ಮೇಲೆ ಅದನ್ನು ಕೆಡವಿಸಿದನು. ತನ್ನದೇ ಕೋಟೆಯನ್ನು ತನ್ನ ವಿರುದ್ಧ ಅಷ್ಟು ದಿನ ಹಿಡಿಯಬಹುದೆಂಬುದನ್ನು ಕಂಡವನು ಮತ್ತೆ ಅಂಥ ಸಂದರ್ಭಕ್ಕೆ ಎಡೆಗೊಡಲಿಲ್ಲವೆಂದು 1801ರಲ್ಲಿ ಆ ಪ್ರಾಂತದಲ್ಲಿ ಸಂಚರಿಸಿದ ಬುಕನನ್ನನು ಕಾರಣ ಹೇಳಿದ್ದಾನೆ. ಬದಲಾಗಿ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿ, ಯುದ್ಧನೌಕೆಗಳು ಒಳನುಗ್ಗದಂತೆ ಕರಿಯ ಕಲ್ಲಿನ ಕಾವಲುಬುರುಜನ್ನು ಕಟ್ಟಿಸಿದನು. ಸುಲ್ತಾನ್ ಬತ್ತೇರಿಯೆಂದು ಊರಿನವರು ಇಂದಿಗೂ ತೋರಿಸುವುದು ಅದನ್ನೇ.

ಮಂಗಳೂರು ಮುತ್ತಿಗೆಯಲ್ಲಿದ್ದ ಕಾಲದಲ್ಲಿಯೇ ಉತ್ತರದ ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೊ ಎಂಬವನು ಇನ್ನೂ ಸಣ್ಣದಾದ ಪಡೆಯೊಡನೆ ಶರಾವತಿಯ ಅಳಿವೆಯ ಕೋಟೆಯನ್ನು ಹಿಡಿದುಕೊಂಡಿದ್ದು, ಅಲ್ಲಿಯೂ ಯುದ್ಧವಿರಾಮ, ಅಲ್ಲಿಯೂ ಸಂತೆಯ ತಕರಾರು, ಅಲ್ಲಿಯೂ ರೋಗರುಜಿನಗಳೆಲ್ಲವನ್ನೂ ಅನುಭವಿಸಿ, ಸಂಧಿಯಾದ ಮೇಲೆಯೇ ಕೋಟೆಯನ್ನು ಬಿಟ್ಟನು. ಮಂಗಳೂರಿನ ಗಲಾಟೆಯಲ್ಲಿ ಮರೆತುಹೋದ ಆ ಮುತ್ತಿಗೆಯ ವೃತ್ತಾಂತವನ್ನು ಜೇಮ್ಸ್ ಫೋರ್ಬ್ಸನು 1813ರಲ್ಲಿ ಅಚ್ಚಾದ ತನ್ನ ಪೌರಸ್ತ್ಯ ಸ್ಮೃತಿಗಳ ಸಂಪುಟದಲ್ಲಿ ಸೇರಿಸಿದ್ದಾನೆ. ಉಗ್ರಾಣದ ದೃಷ್ಟಿಯಿಂದ ಎರಡು ಮುತ್ತಿಗೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕೆಂಬ ಆಸೆಯುಳ್ಳವರು ಅಲ್ಲಿಂದ ಮೊದಲುಮಾಡಬಹುದು. ಮಂಗಳೂರಿನ ಪೀಪಾಯಿಗಳ ವಿಷಯದಲ್ಲಿ ನಾನು ಬರೆದುದು ಕಠಿನವಾಯಿತೆಂದು ತೋರಿದವರು ವಿಲ್ಕ್ಸನನ್ನೇ ನೋಡಬಹುದು.